ಪರಭಾಷಾ ವ್ಯಾಸಂಗವೂ ಜೀವನೋಪಾಯವೂ

ಪರದೇಶದ ಭಾಷೆಯೊಂದನ್ನು ಕಲಿತವರಿಗೆ ಉದ್ಯೋಗದ ಬಾಗಿಲು ತೆರೆಯುವುದೆಂದೂ ದೇಶಸಂಚಾರದ ದಾರಿ ಸುಗಮವಾಗುವುದೆಂದೂ ಹೇಳುವ ಮಾತು ನಮ್ಮ ನಗರಗಳಲ್ಲಿ ಸರ್ವಸಾಮಾನ್ಯವಾಗಿದೆ. ಬೀದಿಯ ಗೋಡೆಗಳ ಮೇಲೆ ಆ ಮಾತೇ. ಕೈಯಲ್ಲಿ ಹಿಡಿದ ದೂರವಾಣಿಯ ಪರದೆಯ ಮೇಲೆಯೂ ಆ ಮಾತೇ. ಮಾತು ಸುಳ್ಳಲ್ಲ. ಆದರೆ ಎಷ್ಟರ ಮಟ್ಟಿಗೆ ಕಲಿಯಬೇಕು, ಯಾವ ಕಸುಬಿನೊಡನೆ ಕಲಿಯಬೇಕು ಎಂಬುದನ್ನು ಬಿಟ್ಟು ಹೇಳಿದರೆ ಅದು ಅರ್ಧ ಮಾತಾಗುತ್ತದೆ. ಅರ್ಧ ಮಾತನ್ನು ನಂಬಿ ಹೊಲವನ್ನೋ ಒಡವೆಯನ್ನೋ ಒತ್ತೆಯಿಡುವ ಸಂಸಾರಗಳು ನಮ್ಮಲ್ಲಿ ಉಂಟಾದುದರಿಂದ ಈ ವಿಷಯವನ್ನು ತುಸು ನಿಧಾನವಾಗಿ ಪರಿಶೀಲಿಸುವುದು ಯುಕ್ತವೆಂದು ತೋರುತ್ತದೆ. ಅದಕ್ಕಾಗಿ ನಗರವನ್ನು ಬಿಟ್ಟು ರಾಜ್ಯದ ಮೂಡಣ ಅಂಚಿನ ಒಂದು ಊರಿಗೆ ಹೋಗಿ ಅಲ್ಲಿಂದ ನೋಡೋಣ.

ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನಲ್ಲಿ ತಾಯಲೂರು ಒಂದು ಹೋಬಳಿಯ ಮುಖ್ಯಸ್ಥಳ. ಮುಳಬಾಗಿಲೆಂಬುದು ಮೂಡಲಬಾಗಿಲೆಂಬ ಹೆಸರಿನ ರೂಪಾಂತರವೆನ್ನುತ್ತಾರೆ. ಆ ಬಾಗಿಲಿನಾಚೆ ಆಂಧ್ರದ ಚಿತ್ತೂರು ಸೀಮೆ. ತಾಯಲೂರಿನ ಸುತ್ತಿನ ಹಳ್ಳಿಗಳಲ್ಲಿ ಎಷ್ಟೋ ಮನೆಗಳ ಒಳಮಾತು ತೆಲುಗು. ಶಾಲೆಯ ಮಾತು, ಕಚೇರಿಯ ಮಾತು ಕನ್ನಡ. ಚಿನ್ನದ ಗಣಿಯ ಪೇಟೆಗೆ ಹೋದರೆ ತಮಿಳು ಕಿವಿಗೆ ಬೀಳುತ್ತದೆ, ಮುಳಬಾಗಿಲಿನ ಅಂಗಡಿಬೀದಿಯಲ್ಲಿ ದಖ್ಖನೀ ಉರ್ದು, ಪಾಠಪುಸ್ತಕದಲ್ಲಿ ಇಂಗ್ಲಿಷ್. ಹತ್ತು ವರ್ಷದ ಹುಡುಗಿಯೊಬ್ಬಳು ಅಜ್ಜಿಯೊಡನೆ ಒಂದು ಭಾಷೆಯಲ್ಲಿಯೂ ಉಪಾಧ್ಯಾಯರೊಡನೆ ಮತ್ತೊಂದರಲ್ಲಿಯೂ ಬಳೆಗಾರನೊಡನೆ ಮೂರನೆಯದರಲ್ಲಿಯೂ ಮಾತನಾಡಿ, ತಾನೊಂದು ವಿಶೇಷವನ್ನು ಮಾಡಿದೆನೆಂದು ಎಣಿಸುವುದೇ ಇಲ್ಲ. ನಗರದ ಜನರು ಈ ಗಡಿಯ ಕನ್ನಡವನ್ನು ಬೆರಕೆಯ ಮಾತೆಂದು ನಗುವುದುಂಟು. ನಮಗೇನೋ ಅದು ನಗುವ ವಸ್ತುವಾಗಿ ಕಂಡಿಲ್ಲ; ಬಂಡವಾಳವಾಗಿ ಕಂಡಿದೆ.

ಬಂಡವಾಳ ಹೇಗೆಂದರೆ, ಕನ್ನಡದ ಹಾಲು ತೆಲುಗಿನಲ್ಲಿ ಪಾಲು, ತಮಿಳಿನಲ್ಲಿ ಪಾಲ್. ಕನ್ನಡದ ಹುಲಿ ಆ ಎರಡರಲ್ಲಿಯೂ ಪುಲಿ. ನಮ್ಮ ಹಳಗನ್ನಡದಲ್ಲಿಯೂ ಅದು ಪುಲಿಯೇ ಆಗಿದ್ದಿತು. ಒಂದು ಭಾಷೆಯ ಪಕಾರವು ಮತ್ತೊಂದರಲ್ಲಿ ಹಕಾರವಾಗಿ ನಿಲ್ಲುವುದೆಂಬ ಸೂತ್ರವನ್ನು ತಾಯಲೂರಿನ ಮಗುವಿಗೆ ಯಾರೂ ಹೇಳಿಕೊಟ್ಟಿಲ್ಲ. ಅದರ ನಾಲಗೆಗೆ ಆ ಸೂತ್ರವು ಗೊತ್ತು. ಹೀಗೆ ಎರಡು ಭಾಷೆಗಳ ನಡುವಣ ಸೇತುವೆಯನ್ನು ತಾನೇ ಕಂಡುಕೊಂಡವರಿಗೆ ಮೂರನೆಯ ಸೇತುವೆಯನ್ನು ಕಾಣುವುದು ಹೊಸ ವಿದ್ಯೆಯಲ್ಲ, ಹಳೆಯ ವಿದ್ಯೆಯ ಮುಂದುವರಿಕೆ.

ಈ ಸೀಮೆಯ ಹಿರಿಯರನ್ನು ನೋಡಿದರೆ ಇದಕ್ಕೆ ನಿದರ್ಶನಗಳು ಕೈಗೆಟಕುವಷ್ಟು ಹತ್ತಿರದಲ್ಲಿವೆ. ಮಾಲೂರು ತಾಲ್ಲೂಕಿನ ಮಾಸ್ತಿಯವರಾದ, ೧೮೯೧ರಲ್ಲಿ ಹುಟ್ಟಿದ ವೆಂಕಟೇಶ ಅಯ್ಯಂಗಾರ್ಯರ ಮನೆಮಾತು ತಮಿಳು. ಕನ್ನಡದ ಸಣ್ಣಕಥೆಗೆ ಅವರು ಏನಾದರೆಂಬುದನ್ನು ಹೇಳಬೇಕಾದುದಿಲ್ಲ. ಆ ಕಾಲಕ್ಕೆ ಕೋಲಾರ ಜಿಲ್ಲೆಗೇ ಸೇರಿದ್ದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ಪೂರ್ವಿಕರು ಆಂಧ್ರದ ಮೋಕ್ಷಗುಂಡದವರು. ಅವರು ೧೮೯೮ರಷ್ಟು ಹಿಂದೆಯೇ ಜಪಾನಿಗೆ ಹೋಗಿ ಆ ದೇಶದ ಶಾಲೆಗಳನ್ನೂ ಕೈಗಾರಿಕೆಗಳನ್ನೂ ಕಣ್ಣಾರೆ ಕಂಡು ಬಂದರು. ಆದರೆ ನಮ್ಮ ವಿಷಯಕ್ಕೆ ಎಲ್ಲರಿಗಿಂತ ಹತ್ತಿರದವರು ಮುಳಬಾಗಿಲಿನಲ್ಲಿಯೇ ೧೮೮೭ರಲ್ಲಿ ಜನಿಸಿದ ಡಿ. ವಿ. ಗುಂಡಪ್ಪನವರು. ಅವರಿಗೆ ಮೆಟ್ರಿಕ್ಯುಲೇಷನ್ ಪರೀಕ್ಷೆ ಕೈಗೂಡಲಿಲ್ಲ. ಗಣಿಯ ಊರಿನಲ್ಲಿ ಸೋಡಾ ಕಾರ್ಖಾನೆಯೊಂದರಲ್ಲಿ ಕೆಲಸಮಾಡಿದುದೂ ಉಂಟು. ಬೆಂಗಳೂರಿಗೆ ಬಂದ ಆ ತರುಣರ ಬಳಿ ಪದವಿಯಿರಲಿಲ್ಲ, ಇದ್ದುದು ಭಾಷೆ. ೧೯೧೩ರಲ್ಲಿ ಅವರು ನಡೆಯಿಸತೊಡಗಿದ ಪತ್ರಿಕೆಯ ಹೆಸರು ‘ಕರ್ನಾಟಕ’, ಅದರ ಭಾಷೆ ಇಂಗ್ಲಿಷು. ಈಗ ನಾವು ಇಂಗ್ಲಿಷನ್ನು ವಿದೇಶೀಯವೆಂದು ಎಣಿಸುವುದನ್ನೇ ಮರೆತಿದ್ದೇವೆ. ಅವರ ಹದಿಹರೆಯದಲ್ಲಿ ಮುಳಬಾಗಿಲಿಗೆ ಅದು ನಿಶ್ಚಯವಾಗಿಯೂ ಪರಭಾಷೆಯಾಗಿದ್ದಿತು. ಪರಭಾಷೆಯನ್ನು ಅರೆಬರೆಯಾಗಿ ಅಲ್ಲದೆ ಅಚ್ಚಿಗೆ ಕೊಡುವಷ್ಟು ಚೆನ್ನಾಗಿ ಕಲಿತುದರಿಂದ ಅದು ಅವರಿಗೆ ಅನ್ನವನ್ನು ಕೊಟ್ಟಿತು.

ತಾಯಲೂರಿಗೆ ಅನತಿದೂರದ ಚಿನ್ನದ ಗಣಿಯು ಇದೇ ಪಾಠವನ್ನು ಬೇರೊಂದು ರೀತಿಯಲ್ಲಿ ಕಲಿಸುತ್ತದೆ. ಇಂಗ್ಲೆಂಡಿನ ಜಾನ್ ಟೇಲರ್ ಕಂಪೆನಿಯವರು ೧೮೮೦ರಲ್ಲಿ ಅಲ್ಲಿಗೆ ಬಂದರು. ನೆಲದಡಿಯ ಕೆಲಸ ಒಂದು ಭಾಷೆಯಲ್ಲಿ, ನೆಲದ ಮೇಲಣ ಲೆಕ್ಕಪತ್ರ ಮತ್ತೊಂದರಲ್ಲಿ. ಇವೆರಡರ ನಡುವೆ ನಿಂತು ಇಂಗ್ಲಿಷನ್ನು ಓದಬಲ್ಲವನಿಗೆ ಗುಮಾಸ್ತಿಕೆ, ಮೋಜಣಿ, ಉಗ್ರಾಣದ ಕೆಲಸ. ೨೦೦೧ರ ಫೆಬ್ರವರಿಯಲ್ಲಿ ಗಣಿ ಮುಚ್ಚಿತು. ಕಲ್ಲನ್ನು ಕೊರೆಯುವ ಕೌಶಲವು ಆ ಗಣಿಯೊಡನೆಯೇ ಅಲ್ಲಿ ಉಳಿಯಿತು. ಓದುಬರಹ ಬಲ್ಲವರು ಮುಂಜಾನೆಯ ರೈಲು ಹತ್ತಿ ಬೆಂಗಳೂರಿಗೆ ಹೋಗತೊಡಗಿದರು, ಈಗಲೂ ಹೋಗುತ್ತಿದ್ದಾರೆ. ಗಣಿಯನ್ನು ಹೊತ್ತುಕೊಂಡು ಹೋಗಲಾಗದು, ಭಾಷೆಯನ್ನಾದರೋ ಹೊತ್ತುಕೊಂಡು ಹೋಗಬಹುದು.

ಈಗಿನ ಕಾಲಕ್ಕೆ ಬರೋಣ. ಮುಳಬಾಗಿಲಿನಿಂದ ಕೋಲಾರದ ಮೇಲೆ ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ನರಸಾಪುರವಿದೆ. ಜಪಾನಿನ ಹೋಂಡಾ ಸಂಸ್ಥೆಯವರು ೨೦೧೩ರಲ್ಲಿ ಅಲ್ಲಿ ದ್ವಿಚಕ್ರವಾಹನಗಳ ಕಾರ್ಖಾನೆಯನ್ನು ಆರಂಭಿಸಿದರು. ತೈವಾನಿನ ವಿಸ್ಟ್ರಾನ್ ಸಂಸ್ಥೆಯು ಅಲ್ಲಿಯೇ ಸ್ಥಾಪಿಸಿದ ದೂರವಾಣಿಯ ಕಾರ್ಖಾನೆಯು ೨೦೨೩ರಲ್ಲಿ ಟಾಟಾ ಸಂಸ್ಥೆಯವರ ವಶವಾಯಿತು. ಪರದೇಶದ ಯಂತ್ರ ಬಂದಲ್ಲಿ ಪರದೇಶದ ಭಾಷೆ ಬರುವುದು ಈ ನಾಡಿಗೆ ಹೊಸದಲ್ಲ. ಬೆಂಗಳೂರಿನ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ೧೯೫೩ರಲ್ಲಿ ಹುಟ್ಟಿದುದು ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ಸಹಯೋಗದಿಂದ, ಅದರ ಮರುವರ್ಷದ ಭಾರತ್ ಎಲೆಕ್ಟ್ರಾನಿಕ್ಸ್ ಫ್ರಾನ್ಸಿನವರ ಸಹಯೋಗದಿಂದ, ಎಚ್.ಎಂ.ಟಿ. ಗಡಿಯಾರವು ೧೯೬೧ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ. ಯಂತ್ರದೊಡನೆ ಬಂದ ಕೈಪಿಡಿಯನ್ನು ಓದಬಲ್ಲವನು ಯಂತ್ರವನ್ನು ತಿರುಗಿಸುವವನಿಗಿಂತ ಒಂದು ಮೆಟ್ಟಿಲು ಮೇಲೆ ನಿಲ್ಲುವುದು ಸಹಜ.

ಹಾಗಾದರೆ ಜಪಾನೀ ಭಾಷೆಯನ್ನೋ ಜರ್ಮನ್ ಭಾಷೆಯನ್ನೋ ಕಲಿತುಬಿಟ್ಟರೆ ಸಾಕೆ? ಸಾಲದು. ಭಾಷೆಯೊಂದನ್ನೇ ನಂಬಿ ಬಾಳುವವರು ದುಭಾಷಿಗಳು, ಅನುವಾದಕರು, ಅಧ್ಯಾಪಕರು, ಪ್ರವಾಸಿಗರಿಗೆ ದಾರಿ ತೋರುವವರು. ಹಂಪೆಯಲ್ಲಿ ಫ್ರೆಂಚ್ ಬಲ್ಲ ಮಾರ್ಗದರ್ಶಿಗೆ ಬೆಲೆಯುಂಟು, ನಿಜ. ಆದರೆ ಅಂತಹ ಸ್ಥಾನಗಳು ಎಣಿಕೆಯವು. ಪತ್ರವ್ಯವಹಾರದ ಸಾಧಾರಣ ಅನುವಾದವನ್ನು ಈಗ ಯಂತ್ರವೇ ಕ್ಷಣಾರ್ಧದಲ್ಲಿ ಮಾಡಿಕೊಡುತ್ತಿರುವುದರಿಂದ ಅದನ್ನೇ ಜೀವನೋಪಾಯವೆಂದು ನೆಚ್ಚುವುದು ಮೊದಲಿಗಿಂತ ಅಪಾಯಕರವಾಗಿದೆ. ನಮ್ಮ ವಿದೇಶಾಂಗ ಸೇವೆಗೆ ಆಯ್ಕೆಯಾದ ಪ್ರತಿಯೊಬ್ಬ ಅಧಿಕಾರಿಯೂ ಒಂದು ಪರದೇಶದ ಭಾಷೆಯನ್ನು ಕಡ್ಡಾಯವಾಗಿ ಕಲಿತು ಪರೀಕ್ಷೆ ಕೊಡಬೇಕೆಂಬ ನಿಯಮವುಂಟಾದರೂ, ಅಲ್ಲಿಯೂ ಮೊದಲು ಆಯ್ಕೆ, ಅನಂತರ ಭಾಷೆ. ಭಾಷೆಯು ಕಸುಬಿನ ಹೆಗಲ ಮೇಲೆ ಕುಳಿತಾಗ ಮಾತ್ರವೇ ದೂರವನ್ನು ಕಾಣಬಲ್ಲುದು.

ಕೋಲಾರದಲ್ಲಿ ಓದಿದ ತಾಯಲೂರು ಕಡೆಯ ಒಬ್ಬ ದಾದಿಯನ್ನು ಊಹಿಸಿಕೊಳ್ಳೋಣ. ಶುಶ್ರೂಷಾ ವಿದ್ಯೆ ಅವಳ ಕೈಯಲ್ಲಿದೆ. ಜರ್ಮನಿಯಲ್ಲಿ ಮುದುಕರ ಸಂಖ್ಯೆ ಏರಿ, ದಾದಿಯರಿಗೆ ಬಹಳ ಅಭಾವವಾಗಿದೆ. ಆ ದೇಶದವರು ೨೦೨೦ರಲ್ಲಿ ಕುಶಲಕರ್ಮಿಗಳ ವಲಸೆಗಾಗಿಯೇ ಒಂದು ಕಾನೂನನ್ನು ಜಾರಿಗೆ ತಂದು ೨೦೨೩ರಲ್ಲಿ ಅದನ್ನು ಸಡಿಲಿಸಿದರು. ಭಾರತೀಯ ಕುಶಲಕರ್ಮಿಗಳಿಗೆ ವರ್ಷಕ್ಕೆ ೨೦,೦೦೦ ಇದ್ದ ಪರವಾನಗಿಗಳನ್ನು ೯೦,೦೦೦ಕ್ಕೆ ಏರಿಸುವುದಾಗಿ ೨೦೨೪ರ ಅಕ್ಟೋಬರಿನಲ್ಲಿ ಸಾರಿದರು. ಬಾಗಿಲು ಅಗಲವಾಗಿದೆ. ಹೊಸ್ತಿಲೂ ಎತ್ತರವಾಗಿದೆ.

ಆ ಹೊಸ್ತಿಲಿನ ಅಳತೆ ಹೀಗೆ. ಯೂರೋಪಿನ ಭಾಷೆಗಳ ಜ್ಞಾನವನ್ನು ಎ-೧, ಎ-೨, ಬಿ-೧, ಬಿ-೨, ಸಿ-೧, ಸಿ-೨ ಎಂಬ ಆರು ಮೆಟ್ಟಿಲುಗಳಲ್ಲಿ ಅಳೆಯುತ್ತಾರೆ. ಎ-೧ ಮುಗಿಸಿದವರು ಹೆಸರು, ಊರು ಹೇಳಿ ರೊಟ್ಟಿ ಕೊಳ್ಳಬಲ್ಲರು. ಪೂರ್ಣ ಅಧಿಕಾರದ ದಾದಿಯಾಗಿ ಕೆಲಸಮಾಡಲು ಜರ್ಮನಿಯಲ್ಲಿ ಸಾಮಾನ್ಯವಾಗಿ ಬಿ-೨ ಬೇಕು. ಅಷ್ಟೇ ಅಲ್ಲದೆ ಇಲ್ಲಿಯ ವಿದ್ಯೆಯನ್ನು ಅಲ್ಲಿಯವರು ಪರಿಶೀಲಿಸಿ, ಕೊರತೆ ಕಂಡಲ್ಲಿ ಪೂರಕ ಶಿಕ್ಷಣವನ್ನೋ ಪರೀಕ್ಷೆಯನ್ನೋ ವಿಧಿಸುತ್ತಾರೆ. ಬೆಂಗಳೂರಿನಲ್ಲಿ ಮ್ಯಾಕ್ಸ್ ಮುಲ್ಲರ್ ಭವನದ ಹೆಸರಿನಿಂದ ಪ್ರಸಿದ್ಧವಾಗಿರುವ ಗಯಟೆ ಸಂಸ್ಥೆಯವರ ಲೆಕ್ಕದಂತೆ, ಆರಂಭದಿಂದ ಬಿ-೨ರವರೆಗೆ ೪೫ ನಿಮಿಷಗಳ ೬೦೦ರಿಂದ ೮೦೦ ಪಾಠಗಳು ಬೇಕಾಗುತ್ತವೆ. ದಿನಕ್ಕೆ ನಾಲ್ಕು ಪಾಠ, ವಾರಕ್ಕೆ ಐದು ದಿನವೆಂದರೆ ೩೦ರಿಂದ ೪೦ ವಾರ. ಮನೆಯ ಅಭ್ಯಾಸ ಬೇರೆ. ‘ಮೂರು ತಿಂಗಳಲ್ಲಿ ಜರ್ಮನಿ’ ಎಂಬ ಫಲಕವನ್ನು ಕಂಡಾಗ ಈ ಗುಣಾಕಾರವನ್ನು ನೆನೆದರೆ ಸಾಕು, ಬೇರೆ ವಿಮರ್ಶೆ ಬೇಡ.

ಇಷ್ಟೊಂದು ಏಕೆ ಬೇಕೆಂದು ಕೇಳುವವರುಂಟು. ಎಂಬತ್ತು ವರ್ಷದ ಮುದುಕಿ ರಾತ್ರಿ ಎರಡು ಗಂಟೆಗೆ ಎದೆ ನೋವೆನ್ನುತ್ತಾಳೆ. ಒತ್ತುವ ನೋವೆ, ಚುಚ್ಚುವ ನೋವೆ, ಉರಿಯುವ ನೋವೆ? ನಮ್ಮ ಭಾಷೆಯಲ್ಲಿರುವಂತೆಯೇ ಜರ್ಮನಿನಲ್ಲಿಯೂ ಇವಕ್ಕೆ ಬೇರೆಬೇರೆ ಮಾತುಗಳಿವೆ. ಆ ಮುದುಕಿಯಾದರೂ ಪುಸ್ತಕದ ಜರ್ಮನನ್ನಲ್ಲ, ತನ್ನ ಹಳ್ಳಿಯ ಜರ್ಮನನ್ನು ಆಡುತ್ತಾಳೆ. ಅವಳ ಮಾತನ್ನು ತಪ್ಪಾಗಿ ತಿಳಿದರೆ ವೈದ್ಯನಿಗೆ ತಪ್ಪು ವರದಿ ಹೋಗುತ್ತದೆ. ಇಲ್ಲಿ ಯಂತ್ರಾನುವಾದವನ್ನು ನೆಚ್ಚುವ ಧೈರ್ಯ ಯಾರಿಗುಂಟು? ಪುಸ್ತಕದ ಕನ್ನಡಕ್ಕೂ ಗಡಿಯ ಹಳ್ಳಿಯ ಕನ್ನಡಕ್ಕೂ ಇರುವ ಅಂತರವನ್ನು ಚಿಕ್ಕಂದಿನಿಂದ ದಾಟಿ ದಾಟಿ ಅಭ್ಯಾಸವಿರುವ ಕಿವಿಗೆ ಈ ಕೆಲಸ ಒಗ್ಗುತ್ತದೆಂದು ನಮ್ಮ ನಂಬಿಕೆ.

ಜಪಾನಿನವರ ಏರ್ಪಾಡು ಬೇರೆ. ಅವರು ೨೦೧೯ರ ಏಪ್ರಿಲಿನಲ್ಲಿ ‘ನಿರ್ದಿಷ್ಟ ಕುಶಲಕರ್ಮಿ’ಗಳಿಗೆಂದು ಹೊಸದೊಂದು ಪರವಾನಗಿಯನ್ನು ತೆರೆದರು, ೨೦೨೧ರ ಜನವರಿಯಲ್ಲಿ ಭಾರತದೊಡನೆ ಆ ಬಗ್ಗೆ ಒಪ್ಪಂದವಾಯಿತು. ವೃದ್ಧರ ಶುಶ್ರೂಷೆ, ಬೇಸಾಯ, ಆಹಾರ ತಯಾರಿಕೆ, ಕಟ್ಟಡದ ಕೆಲಸ ಮೊದಲಾದುವು ಅದರಲ್ಲಿ ಸೇರಿವೆ. ಕಸುಬಿನ ಪರೀಕ್ಷೆಯೊಂದು, ಭಾಷೆಯ ಪರೀಕ್ಷೆಯೊಂದು. ಐದು ಮೆಟ್ಟಿಲುಗಳ ಜಪಾನೀ ಭಾಷಾಪರೀಕ್ಷೆಯಲ್ಲಿ ಕೆಳಗಿನಿಂದ ಎರಡನೆಯದಾದ ಎನ್-೪, ಅಥವಾ ಅದಕ್ಕೆ ಸಮನಾದ ಮತ್ತೊಂದು ಪರೀಕ್ಷೆ ಸಾಕು. ಶುಶ್ರೂಷೆಗೆ ಮಾತ್ರ ಆ ವೃತ್ತಿಯ ಮಾತುಗಳದೇ ಇನ್ನೊಂದು ಪರೀಕ್ಷೆಯುಂಟು. ಟೊಮೇಟೊ ಬೆಳೆಯುವುದರಲ್ಲಿ ಕೋಲಾರದವರಿಗೆ ಯಾರೂ ಪಾಠ ಹೇಳಬೇಕಾದುದಿಲ್ಲ. ಆ ಬೇಸಾಯದ ಕೈ ಜಪಾನಿನ ಹಸುರುಮನೆಯಲ್ಲಿಯೂ ಕೆಲಸಕ್ಕೆ ಬರುತ್ತದೆ. ಆದರೆ ಈ ಪರವಾನಗಿಯ ಮೊದಲನೆಯ ದರ್ಜೆಯವರು ಒಟ್ಟು ಐದು ವರ್ಷಕ್ಕೆ ಮೀರಿ ಇರುವಂತಿಲ್ಲ, ಹೆಂಡತಿ ಮಕ್ಕಳನ್ನು ಕರೆದೊಯ್ಯುವಂತಿಲ್ಲ ಎಂಬುದನ್ನು ಫಲಕದ ಮೇಲೆ ಯಾರೂ ಬರೆಯುವುದಿಲ್ಲ. ಮದುವೆಯಾದ ತರುಣನು ಇದನ್ನು ತಿಳಿದು ಹೋಗುವುದಕ್ಕೂ ಹೋದಮೇಲೆ ತಿಳಿಯುವುದಕ್ಕೂ ಬಹಳ ವ್ಯತ್ಯಾಸವುಂಟು.

ತಿಳಿಯದೆ ಹೋದವರ ಕಥೆ ನಮ್ಮ ರಾಜ್ಯದಲ್ಲಿಯೇ ಇದೆ. ಕಲಬುರಗಿ ಜಿಲ್ಲೆಯ ಕೆಲವು ತರುಣರು ಕಾವಲುಗಾರರ ಕೆಲಸವೆಂಬ ಮಾತನ್ನು ನಂಬಿ ರಷ್ಯಕ್ಕೆ ಹೋಗಿ, ಯುಕ್ರೇನಿನ ಯುದ್ಧದ ಮೊನೆಗೆ ತಳ್ಳಲ್ಪಟ್ಟ ಸಂಗತಿ ೨೦೨೪ರ ಫೆಬ್ರವರಿಯಲ್ಲಿ ಹೊರಬಿದ್ದಿತು. ಅವರು ಹಿಂದಿರುಗಿದುದು ಆ ವರ್ಷದ ಸೆಪ್ಟೆಂಬರಿನಲ್ಲಿ. ಹೀಗೆ ಮೋಸಹೋದ ಭಾರತೀಯರು ರಷ್ಯನ್ ಭಾಷೆಯಲ್ಲಿದ್ದ, ತಮಗೆ ಓದಲು ಬಾರದ ಕರಾರುಪತ್ರಗಳಿಗೆ ರುಜು ಹಾಕಿದ್ದರೆಂದು ವರದಿಗಳು ಬಂದುವು. ಪರಭಾಷಾ ವ್ಯಾಸಂಗದ ಪ್ರಯೋಜನವೇನೆಂದು ಯಾರಾದರೂ ಕೇಳಿದರೆ, ಸಂಬಳಕ್ಕಿಂತಲೂ ಮೊದಲು ನಾವು ಈ ಕಾಗದವನ್ನು ತೋರಿಸುತ್ತೇವೆ. ತಾನು ರುಜು ಹಾಕುವ ಪತ್ರದಲ್ಲಿ ದಿನಕ್ಕೆಷ್ಟು ಗಂಟೆಯ ಕೆಲಸ, ಬಿಡುವು ಯಾವಾಗ, ಕೆಲಸವನ್ನು ಬಿಟ್ಟು ಬರುವ ಹಕ್ಕು ಉಂಟೆ ಇಲ್ಲವೆ ಎಂಬಷ್ಟನ್ನು ತಾನೇ ಓದಿ ತಿಳಿಯುವ ಶಕ್ತಿ, ಹೋಗುವವನಿಗೆ ಟಿಕೇಟಿನಷ್ಟೇ ಅವಶ್ಯಕ. ಇದರೊಡನೆ ದಳ್ಳಾಳಿಗಳ ವಿಷಯ: ೧೯೮೩ರ ವಲಸೆ ಕಾಯಿದೆಯ ನಿಯಮಗಳು ನೋಂದಾಯಿತ ಏಜೆಂಟರ ಶುಲ್ಕಕ್ಕೆ ೩೦,೦೦೦ ರೂಪಾಯಿ ಮತ್ತು ಅದರ ಮೇಲಣ ತೆರಿಗೆ ಎಂಬ ಮಿತಿಯನ್ನು ಹಾಕಿದುವು. ಲಕ್ಷಗಟ್ಟಲೆ ಕೇಳುವವನನ್ನು ಮೊದಲು ಅವನ ನೋಂದಣಿಯ ಸಂಖ್ಯೆಯನ್ನು ಕೇಳತಕ್ಕದ್ದು. ಕರ್ನಾಟಕ ಕೌಶಲ್ಯಾಭಿವೃದ್ಧಿ ನಿಗಮದವರೂ ಅಂತರರಾಷ್ಟ್ರೀಯ ವಲಸೆ ಕೇಂದ್ರವೊಂದನ್ನು ನಡೆಸುತ್ತಿರುವುದರಿಂದ, ಹಳ್ಳಿಯ ದಳ್ಳಾಳಿಯ ಮಾತೇ ಕೊನೆಯ ಮಾತೆಂದು ಎಣಿಸಬೇಕಾದುದಿಲ್ಲ.

ಇನ್ನು ಕಲಿಯುವ ಬಗೆ. ಇಲ್ಲಿ ನಮ್ಮ ಅಭಿಪ್ರಾಯ ಸ್ವಲ್ಪ ಹಟದ್ದೆಂದು ಕೆಲವರಿಗೆ ತೋರಬಹುದು. ನಮ್ಮಲ್ಲಿ ಪರದೇಶದ ಭಾಷೆಗಳನ್ನೆಲ್ಲ ಬಹುಮಟ್ಟಿಗೆ ಇಂಗ್ಲಿಷಿನ ಮೂಲಕ ಕಲಿಸುತ್ತಾರೆ. ಜರ್ಮನಿಗೆ ಅದು ಒಪ್ಪುತ್ತದೆ. ಜಪಾನೀ ಭಾಷೆಗೆ ಅದು ಸುತ್ತುದಾರಿ. ‘ಗೊಹಾನ್ ಓ ತಬೆಮಾಸು’ ಎಂದರೆ ‘ಅನ್ನವನ್ನು ತಿನ್ನುತ್ತೇನೆ’. ಗೊಹಾನ್ ಅನ್ನ, ಓ ಎಂಬುದು ನಮ್ಮ ಅನ್ನು ಪ್ರತ್ಯಯ, ತಬೆಮಾಸು ತಿನ್ನುತ್ತೇನೆ. ‘ಗಾಕ್ಕೋ ನಿ ಇಕಿಮಾಸು’, ಶಾಲೆಗೆ ಹೋಗುತ್ತೇನೆ. ನಿ ಎಂಬುದು ನಮ್ಮ ಗೆ. ಕರ್ಮ ಮೊದಲು, ಕ್ರಿಯೆ ಕೊನೆಗೆ, ವಿಭಕ್ತಿ ನಾಮಪದದ ಹಿಂದೆ, ಎಲ್ಲವೂ ನಮ್ಮ ಕ್ರಮವೇ. ‘ನಿನ್ನೆ ಬಂದ ಮನುಷ್ಯ’ ಎಂಬುದನ್ನು ಇಂಗ್ಲಿಷಿನವನು ಬುಡಮೇಲು ಮಾಡಿ ಹೇಳಬೇಕು. ಜಪಾನಿನವನು ‘ಕಿನೋ ಕಿತ ಹಿತೊ’ ಎಂದು ನಮ್ಮಂತೆಯೇ ಹೇಳುತ್ತಾನೆ. ‘ಬರುತ್ತೇನೆಂದು ಹೇಳಿದನು’ ಎಂಬಲ್ಲಿಯ ನಮ್ಮ ‘ಎಂದು’ವಿಗೆ ಅವರಲ್ಲಿ ‘ತೊ’ ಎಂಬುದುಂಟು. ಇವೆಲ್ಲಕ್ಕಿಂತ ಸೋಜಿಗದ ಸಂಗತಿಯೆಂದರೆ, ‘ತಿಂದು ನೋಡುತ್ತೇನೆ’ ಎಂದು ನಾವು ಹೇಳುವಾಗ ಕಣ್ಣಿನಿಂದ ನೋಡುವ ಅರ್ಥವಿಲ್ಲ, ರುಚಿಯ ಪರೀಕ್ಷೆಯ ಅರ್ಥ. ಜಪಾನಿನವರೂ ‘ತಬೆತೆ ಮಿಮಾಸು’ ಎನ್ನುತ್ತಾರೆ: ತಬೆತೆ ತಿಂದು, ಮಿಮಾಸು ನೋಡುತ್ತೇನೆ! ಇಂಗ್ಲಿಷ್ ವ್ಯಾಕರಣದಲ್ಲಿ ಇದನ್ನು ಅರ್ಧ ಪುಟ ವಿವರಿಸಬೇಕು. ತಾಯಲೂರಿನ ಹುಡುಗನಿಗೆ ಅರ್ಧ ನಿಮಿಷ ಸಾಕು, ಏಕೆಂದರೆ ಅವನ ತೆಲುಗಿನಲ್ಲಿಯೂ ‘ತಿನಿ ಚೂಸ್ತಾನು’ ಎಂದೇ ಇದೆ.

ಇಷ್ಟರಿಂದ ಜಪಾನಿಗೂ ದ್ರಾವಿಡಕ್ಕೂ ನೆಂಟಸ್ತನವುಂಟೆಂದು ತೀರ್ಮಾನಿಸಬಾರದು. ಸುಸುಮು ಓನೊ ಎಂಬ ಜಪಾನೀ ವಿದ್ವಾಂಸರು ತಮಿಳಿನೊಡನೆ ಅಂತಹ ಸಂಬಂಧವನ್ನು ವಾದಿಸಿದರು. ಭಾಷಾಶಾಸ್ತ್ರಜ್ಞರು ಬಹುಮಟ್ಟಿಗೆ ಒಪ್ಪಲಿಲ್ಲ. ನೆಂಟಸ್ತನವಿಲ್ಲದಿದ್ದರೇನು, ಮನೆಯ ಕಟ್ಟಡದ ರೀತಿ ಒಂದೇ ಆಗಿದ್ದರೆ ಕತ್ತಲಲ್ಲಿಯೂ ಬಾಗಿಲು ಸಿಕ್ಕುತ್ತದೆ. ಅವರ ಹಿರಾಗಾನಾ, ಕಟಾಕಾನಾ ಲಿಪಿಗಳೂ ನಮ್ಮ ಗುಣಿತಾಕ್ಷರದಂತೆ ಉಚ್ಚಾರದ ಒಂದೊಂದು ತುಂಡಿಗೆ ಒಂದೊಂದು ಅಕ್ಷರ, ಒಂದೊಂದರಲ್ಲಿ ೪೬ ಮೂಲಾಕ್ಷರಗಳು. ಅವುಗಳ ಕ-ಸ-ತ-ನ ಕ್ರಮಕ್ಕೆ ಬೌದ್ಧರೊಡನೆ ಹೋದ ಭಾರತೀಯ ವರ್ಣಮಾಲೆಯ ಪ್ರಭಾವವೇ ಕಾರಣ. ಕಷ್ಟವಿರುವುದು ಚೀನೀ ಮೂಲದ ಕಾಂಜಿಯಲ್ಲಿ. ನಿತ್ಯವ್ಯವಹಾರಕ್ಕೆಂದು ಸರ್ಕಾರದವರು ೨೦೧೦ರಲ್ಲಿ ಗೊತ್ತುಮಾಡಿದ ಪಟ್ಟಿಯಲ್ಲಿಯೇ ಅವು ೨,೧೩೬ ಇವೆ. ಅಲ್ಲಿ ಕನ್ನಡವೂ ಇಲ್ಲ, ತೆಲುಗೂ ಇಲ್ಲ. ಬರೆದು ಬರೆದು ಕೈನೋಯಿಸಿಕೊಳ್ಳುವುದೇ ಉಪಾಯ.

ಜರ್ಮನಿಗೆ ಇಂಗ್ಲಿಷ್ ಒಪ್ಪುತ್ತದೆಂದೆವು. ಅದಕ್ಕೆ ಕಾರಣ, ಹಾಲು-ಪಾಲುಗಳಂತಹ ಸೂತ್ರವೇ ಅಲ್ಲಿಯೂ ಇರುವುದು. ಇಂಗ್ಲಿಷಿನ ‘ವಾಟರ್’ ಜರ್ಮನಿನಲ್ಲಿ ‘ವಾಸರ್’, ‘ಟೆನ್’ ಅಲ್ಲಿ ‘ಟ್ಸೇನ್’, ‘ಶಿಪ್’ ‘ಶಿಫ್’, ‘ಆಪಲ್’ ‘ಆಪ್ಫೆಲ್’. ಟಕಾರವು ಸಕಾರದ ಕಡೆಗೂ ಪಕಾರವು ಫಕಾರದ ಕಡೆಗೂ ಜರುಗಿದೆ. ನೀನು, ನೀವು ಎಂಬ ಭೇದವನ್ನು ಇಂಗ್ಲಿಷ್ ಕಳೆದುಕೊಂಡಿದೆ; ಜರ್ಮನಿನ ‘ದು’, ‘ಝೀ’ಗಳಲ್ಲಿ ಅದು ಉಳಿದಿದೆ. ಯಾರನ್ನು ಏಕವಚನದಲ್ಲಿ ಕರೆಯಬಹುದು, ಯಾರನ್ನು ಕರೆಯಬಾರದು ಎಂಬುದನ್ನು ಕೋಲಾರದ ಮಕ್ಕಳಿಗೆ ಮನೆಯ ಹಿರಿಯರು ಈಗಾಗಲೇ ಚೆನ್ನಾಗಿ ಕಲಿಸಿದ್ದಾರೆ.

ಸಂಬಳ, ಪರವಾನಗಿಗಳ ಮಾತೇ ಹೆಚ್ಚಾಯಿತೆಂದು ಕೇಳುಗರಲ್ಲಿ ಕೆಲವರು ಆಕ್ಷೇಪಿಸಬಹುದು. ಗಡಿನಾಡೇ ಆದ ಮಂಜೇಶ್ವರದ ಗೋವಿಂದ ಪೈಗಳು ಇಪ್ಪತ್ತಕ್ಕೂ ಹೆಚ್ಚು ಭಾಷೆಗಳನ್ನು ಬಲ್ಲವರೆಂದು ಪ್ರಸಿದ್ಧರು. ಯಾವ ಕಂಪೆನಿಯ ಕೆಲಸಕ್ಕೂ ಅಲ್ಲದೆ, ತಮ್ಮ ಮನೆಯಲ್ಲಿಯೇ ಕುಳಿತು ಜಪಾನಿನ ನೋ ನಾಟಕಗಳನ್ನು ಕನ್ನಡಕ್ಕೆ ತಂದರು. ಅಂತಹ ವ್ಯಾಸಂಗಕ್ಕೆ ನಾವು ತಲೆಬಾಗುತ್ತೇವೆ. ಮನೆಯಲ್ಲಿ ಅನ್ನದ ಚಿಂತೆಯಿಲ್ಲದವರಿಗೆ ಅದು ಸಾಧ್ಯವೆಂಬುದನ್ನೂ ಮರೆಯುವುದಿಲ್ಲ. ಇವೆರಡರ ನಡುವೆ ಮತ್ತೊಂದು ದಾರಿಯೂ ಉಂಟು. ಫರ್ಡಿನೆಂಡ್ ಕಿಟ್ಟೆಲ್ ೧೮೫೩ರಲ್ಲಿ ಜರ್ಮನಿಯಿಂದ ಬಂದು ಕನ್ನಡ ಕಲಿತು, ೧೮೯೪ರಲ್ಲಿ ನಮಗೆ ನಿಘಂಟನ್ನು ಕೊಟ್ಟರು. ಈಗ ಆ ದಾರಿ ಎರಡು ಕಡೆಗೂ ನಡೆಯುತ್ತಿದೆ: ೨೦೦೭ರಿಂದ ಕರ್ನಾಟಕದೊಡನೆ ಸಹಭಾಗಿತ್ವ ಹೊಂದಿರುವ ಬವೇರಿಯ ರಾಜ್ಯದ ವ್ಯೂರ್ತ್ಸ್‌ಬುರ್ಗ್ ವಿಶ್ವವಿದ್ಯಾನಿಲಯದಲ್ಲಿ ನಮ್ಮ ವಿವೇಕ ರೈಗಳು ಜರ್ಮನ್ ವಿದ್ಯಾರ್ಥಿಗಳಿಗೆ ಕನ್ನಡ ಕಲಿಸಿದರು, ಅದೇ ರಾಜ್ಯದ ಮ್ಯೂನಿಕ್ಕಿನಲ್ಲಿ ರಾಬರ್ಟ್ ಝೈಡೆನ್‌ಬೋಸ್ ಕನ್ನಡದ ಅಧ್ಯಾಪನ ಮಾಡಿದರು. ಅಲ್ಲಿ ಕನ್ನಡವೇ ಪರಭಾಷೆ! ಜರ್ಮನ್ ಬಲ್ಲ ಕನ್ನಡಿಗನಿಗೆ ಅಂತಹ ಕಡೆ ಸ್ಥಾನವುಂಟು. ಕನ್ನಡವನ್ನು ಮರೆತ ಜರ್ಮನ್ ಪಂಡಿತನಿಗೆ ಇಲ್ಲ.

ತಾಯಲೂರಿಗೆ ಮರಳುವುದಾದರೆ, ಅಲ್ಲಿಯವರಿಗೆ ಅಡ್ಡವಾಗಿರುವುದು ಬುದ್ಧಿಯ ಕೊರತೆಯಲ್ಲ, ಕಲಿಸುವವರು ಬೆಂಗಳೂರಿನಲ್ಲಿರುವುದು. ದಿನಕ್ಕೆ ನಾಲ್ಕು ಪಾಠದ ವರ್ಗಕ್ಕೆ ನಗರದಲ್ಲಿ ಬಿಡಾರ ಹೂಡಬೇಕು. ಶುಲ್ಕಕ್ಕಿಂತ ಬಾಡಿಗೆಯೇ ಹೆಚ್ಚಾಗುತ್ತದೆ. ದೂರವಾಣಿಯ ಮೂಲಕ ಪಾಠ ಕೇಳುವ ಅನುಕೂಲ ಈಗ ಬಂದಿದೆ, ಕಿವಿಗೂ ಕಣ್ಣಿಗೂ ಅದು ಸಾಕು, ಬಾಯಿಗೆ ಸಾಲದು. ಜಪಾನೀ ಭಾಷಾಪರೀಕ್ಷೆಯಲ್ಲಿ ಮಾತಿನ ಭಾಗವೇ ಇಲ್ಲವಾದುದರಿಂದ, ಪ್ರಮಾಣಪತ್ರ ಹಿಡಿದು ಬಾಯಿ ಬಿಡಲಾರದವರೂ ಉಂಟು. ಕೋಲಾರದ ಟಮಕದಲ್ಲಿ ೨೦೧೭ರಿಂದ ಬೆಂಗಳೂರು ಉತ್ತರ ವಿಶ್ವವಿದ್ಯಾನಿಲಯವಿದೆ, ಜಿಲ್ಲೆಯಲ್ಲಿ ಶುಶ್ರೂಷಾ ಶಾಲೆಗಳಿವೆ, ಕೈಗಾರಿಕಾ ತರಬೇತಿ ಸಂಸ್ಥೆಗಳಿವೆ. ಅಂತಹ ಶಾಲೆಯಲ್ಲಿ ಕಸುಬಿನ ಓದು ನಡೆಯುತ್ತಿರುವಾಗಲೇ, ಸಂಜೆ ಎರಡು ಪಾಠದಂತೆ ಮೂರು ವರ್ಷ ಪರಭಾಷೆಯೊಂದನ್ನು ಕಲಿಸಿದರೆ, ವರ್ಷಕ್ಕೆ ೪೦ ವಾರ, ವಾರಕ್ಕೆ ಐದು ದಿನವೆಂದರೂ ೧,೨೦೦ ಪಾಠಗಳಾದುವು. ದಾದಿಗೆ ಬೇಕಾದುದಕ್ಕಿಂತ ಹೆಚ್ಚು. ಇದಕ್ಕೆ ಹೊಸ ಕಟ್ಟಡ ಬೇಡ, ಇಬ್ಬರು ಉಪಾಧ್ಯಾಯರು ಬೇಕು. ಪರದೇಶದಲ್ಲಿ ಐದು ವರ್ಷ ದುಡಿದು ಹಿಂದಿರುಗುವವರನ್ನೇ ಅದಕ್ಕೆ ನೇಮಿಸಿಕೊಳ್ಳಬಹುದು. ಜಪಾನಿನ ಪರವಾನಗಿಯ ಮಿತಿಯಿಂದ ಅಂತಹವರು ಹೇಗೂ ಬರುವರು.

ಅಂತಹ ವರ್ಗಕ್ಕೆ ಕನ್ನಡದ ಮೂಲಕವೇ ಜಪಾನೀ ಕಲಿಸುವ ಪುಸ್ತಕವೊಂದನ್ನು ಬರೆಯುವವರು, ಮೊದಲನೆಯ ಪುಟದಲ್ಲಿ ‘ತಿಂದು ನೋಡುತ್ತೇನೆ’ ಎಂಬುದನ್ನು ಹಾಕಲಿ. ಪಕ್ಕದಲ್ಲಿ ‘ತಿನಿ ಚೂಸ್ತಾನು’, ಅದರ ಪಕ್ಕದಲ್ಲಿ ‘ತಬೆತೆ ಮಿಮಾಸು’. ಪರೀಕ್ಷೆಯು ಜುಲೈ ಮತ್ತು ಡಿಸೆಂಬರ್ ತಿಂಗಳುಗಳ ಮೊದಲನೆಯ ಭಾನುವಾರಗಳಂದು ನಡೆಯುತ್ತದೆ. ಅರ್ಜಿಯನ್ನು ಕೆಲವು ತಿಂಗಳು ಮುಂಚಿತವಾಗಿಯೇ ಕಳುಹಿಸಬೇಕು. ಮುಳಬಾಗಿಲಿನಿಂದ ಬೆಂಗಳೂರಿಗೆ ಮುಂಜಾನೆಯ ಮೋಟಾರು ಹಿಡಿದರೆ ಹೊತ್ತಿಗೆ ಸರಿಯಾಗಿ ತಲುಪಬಹುದು.